ಮೂರನೇ ಫ್ರೆಟ್ಟಿನಿಂದ ಕೂದಲೆಳೆ ಆಚೆ

ಮೊದಲೇ ಹೇಳಿಬಿಡುತ್ತೇನೆ, ನಾನು ಗಿಟಾರ್ ವಾದಕನಲ್ಲ. ಜೀವನದಲ್ಲಿ ಒಂದೇ ಒಂದು ಚಳಿಗಾಲ ಗಿಟಾರ್ ಹಿಡಿದಿದ್ದೆ. ಆಮೇಲೆ ಮುಟ್ಟಿಲ್ಲ. ಹಾಗಾಗಿ ಕೆಳಗೆ ಕಾಮೆಂಟಿನಲ್ಲಿ ಬಂದು 'ಒಂದು ಹಾಡು ಬಾರಿಸಿ ವಿಡಿಯೋ ಹಾಕಿ' ಅನ್ನಬೇಡಿ.

ಹೋದ ವಾರ ಬನಹಟ್ಟಿಯಲ್ಲಿ ಒಂದು ಮದುವೆಯಿತ್ತು. ಊಟ ಮುಗಿಸಿ ನಮ್ಮ ಹಳೇ ಓಣಿಯಲ್ಲಿ ಸುಮ್ಮನೆ ನಡೆದು ಬರುವಾಗ ಯಾರದೋ ಮನೆ ಮುಂದೆ ನೂಲಿಗೆ ಹಾಕುವ ಗಂಜಿಯ ವಾಸನೆ ಮುಖಕ್ಕೆ ಬಡಿಯಿತು. ಹುಳಿ ಬಂದ ಅನ್ನವನ್ನು ಮತ್ತೆ ಕುದಿಸಿದ ಹಾಗಿರುತ್ತದೆ ಅದು. ಅಲ್ಲೇ ನಿಂತುಬಿಟ್ಟೆ. ಮಗ್ಗ ಬಿಟ್ಟು ಎಷ್ಟೋ ವರ್ಷವಾಯಿತು, ಈಗ ಮುಧೋಳದಲ್ಲಿ ಪೆನ್ನು ಪುಸ್ತಕ ಮಾರಿಕೊಂಡಿದ್ದೇನೆ. ಆದರೂ ಆ ವಾಸನೆ ಬಂದರೆ ಅವತ್ತಿನ ಮಧ್ಯಾಹ್ನ ಎದುರಿಗೆ ಬಂದು ನಿಲ್ಲುತ್ತದೆ.

ಬಾಗಲಕೋಟೆ ಹೊಸ ಜಿಲ್ಲೆಯಾಗಿ ನಾಲ್ಕೈದು ವರ್ಷ ಆಗಿತ್ತು. ನನಗೆ ಇಪ್ಪತ್ತನಾಲ್ಕು. ಎಸ್ಸೆಸ್ಸೆಲ್ಸಿ ಆದ ಮರುವಾರದಿಂದ ಅಪ್ಪನ ಜೊತೆ ಶೆಡ್ಡಿನಲ್ಲಿ. ಮುಂದೆ ನಾಲ್ಕು ಪಾವರ್‌ಲೂಮಿನ ಶೆಡ್ಡು, ಅದರ ಬೆನ್ನಿಗೇ ನಮ್ಮ ಮನೆ, ನಡುವೆ ಒಂದು ಗೋಡೆ, ಆ ಗೋಡೆಗೆ ಒಂದು ಬಾಗಿಲು. ಅಪ್ಪ ಎರಡು ಮಗ್ಗ ನೋಡುತ್ತಿದ್ದ, ನಾನೆರಡು. ಅವ್ವ ಕಂಡಿಕಿಗೆ ನೂಲು ಸುತ್ತುತ್ತಿದ್ದಳು. ಮಗ್ಗ ನಡೆಯುವಾಗ ಶೆಡ್ಡಿನಲ್ಲಿ ಬಾಯಿಬಿಟ್ಟು ಕೂಗಿದರೂ ಪಕ್ಕದವನಿಗೆ ಕೇಳುವುದಿಲ್ಲ. ಹಾಗಾಗಿ ನಾವು ಕೂಗುವುದೇ ಇಲ್ಲ. ತುಟಿ ಆಡಿಸುತ್ತೇವೆ, ಕೈ ತಿರುಗಿಸುತ್ತೇವೆ, ಸಾಕು. ಚಹಾ ಬಂತು, ಎಳೆ ಹರಿಯಿತು, ಸೋದರಮಾವ ಬಂದಿದ್ದಾನೆ, ಎಲ್ಲ ತುಟಿಯಲ್ಲೇ. ನಮ್ಮ ಓಣಿಯಲ್ಲಿ ಹುಟ್ಟಿ ಬೆಳೆದ ಮಂದಿ ಅಷ್ಟು ಚೆನ್ನಾಗಿ ತುಟಿ ಓದುತ್ತಾರೆ. ಹಾಗೆ ಓದುತ್ತೇವೆ ಅನ್ನುವುದೇ ನಮಗೆ ಗೊತ್ತಿರಲಿಲ್ಲ, ಅದು ಬೇರೆ ಮಾತು.

ನಮ್ಮಣ್ಣ ಮಹಾಂತೇಶ ಮಾತ್ರ ಮಗ್ಗ ಒಲ್ಲೆ ಅಂದು ಸಮೀರವಾಡಿ ಕಡೆ ಸಕ್ಕರೆ ಕಾರ್ಖಾನೆಗೆ ಸೇರಿದ್ದ. ಕಬ್ಬು ನುರಿಸುವ ಕಾಲ ಬಂತೆಂದರೆ ಅವನು ಮನೆಗೆ ಬರುವುದು ವಾರಕ್ಕೊಮ್ಮೆ, ಅದೂ ಖಾತ್ರಿಯಿಲ್ಲ. ಆ ವರ್ಷ ಬೇಸಿಗೆಯಲ್ಲಿ ಅವನ ಮದುವೆಯಾಗಿತ್ತು. ವೈನಿ ಕಸ್ತೂರಿ, ಬೀಳಗಿ ತಾಲೂಕಿನ ಗಲಗಲಿಯವಳು. ಹೊಳೆ ದಂಡೆಯ ಊರು, ಮಗ್ಗದ ಗಂಧಗಾಳಿ ಇಲ್ಲ. ಇಪ್ಪತ್ತು ವರ್ಷದ ಹುಡುಗಿ. ಕೆಲಸದಲ್ಲಿ ಚುರುಕು. ಒಂದೇ ದೂರು: ಕರೆದರೆ ಓ ಅನ್ನುವುದಿಲ್ಲ.

ಇದು ಅವ್ವನ ದೂರಷ್ಟೇ ಅಲ್ಲ, ನಮ್ಮೆಲ್ಲರದ್ದೂ. ಅಪ್ಪ ನೀರು ಕೇಳಿದರೆ ನೀರು ಬರುತ್ತಿತ್ತು, ಮಾತು ಬರುತ್ತಿರಲಿಲ್ಲ. ಅವ್ವ ಏನಾದರೂ ಕೇಳಿದರೆ ವೈನಿ ಸೆರಗು ಮುಂದೆಳೆದುಕೊಂಡು, ತಲೆ ತಗ್ಗಿಸಿ ನಿಲ್ಲುತ್ತಿದ್ದಳು. ಹೊಸ ಸೊಸೆ ಹಿರಿಯರ ಮುಂದೆ ಹಾಗೇ ನಿಲ್ಲಬೇಕು, ಅದು ಸರಿ. ಆದರೆ ಉತ್ತರ ಕೊಡಬೇಡವೇ? 'ಊರ ಹೆಸರು ಗಲಗಲಿ, ಬಾಯಿಗೆ ಮಾತ್ರ ಕೀಲಿ' ಅಂತ ಅವ್ವ ಓಣಿಯಲ್ಲೆಲ್ಲ ಹೇಳಿಕೊಂಡು ಬಂದಿದ್ದಳು. ನಾನೂ ನಕ್ಕಿದ್ದೆ. ಸುಳ್ಳು ಯಾಕೆ ಹೇಳಲಿ.

ದೀಪಾವಳಿ ಹೊತ್ತಿಗೆ ನಗು ಹೋಗಿ ಸಿಟ್ಟು ಶುರುವಾಯಿತು. ಸೊಕ್ಕು ಅಂತ ಒಂದು ದಿನ, ಮಬ್ಬು ಅಂತ ಇನ್ನೊಂದು ದಿನ. ಡಿಸೆಂಬರಿನಲ್ಲಿ ಅವ್ವ ಗಲಗಲಿಗೆ ಹೇಳಿ ಕಳಿಸಿದಳು: ಸಂಕ್ರಾಂತಿ ಆದ ಮೇಲೆ ಬಂದು ನಿಮ್ಮ ಹುಡುಗಿಯನ್ನು ಕರೆದುಕೊಂಡು ಹೋಗಿ, ಬಾಯಿ ಬಂದ ಮೇಲೆ ನೋಡೋಣ. ಹೀಗೆ ಹೇಳಿ ಕಳಿಸಿದ ಹೆಣ್ಣು ಮರಳಿ ಬರುವುದು ನಮ್ಮ ಕಡೆ ಎಷ್ಟು ಕಷ್ಟ ಅಂತ ಎಲ್ಲರಿಗೂ ಗೊತ್ತು. ಅಣ್ಣನನ್ನು ಕೇಳಿದರೆ ಅವ್ವ ಮಾಡಿದ್ದೇ ಸರಿ ಅಂದ. ಅವ್ವನ ಮುಂದೆ ಬಾಯಿ ತೆರೆಯದ ಗಂಡಸು ಅವನು. ಮೂಗಿ ಅನ್ನುವ ಹೆಸರು ಮಾತ್ರ ಅವನ ಹೆಂಡತಿಗೆ.

ಈಗ ಗಿಟಾರಿಗೆ ಬರುತ್ತೇನೆ.

ಎದುರು ಮನೆಯ ಮಾಳಿಗೆ ಮೇಲೆ ಮಂಗಳೂರು ಕಡೆಯ ಇಂಜಿನಿಯರೊಬ್ಬರು ಬಾಡಿಗೆಗಿದ್ದರು. ಹೊಳೆಗೆ ಕಟ್ಟುತ್ತಿದ್ದ ಬ್ಯಾರೇಜಿನ ಕೆಲಸಕ್ಕೆ ಬಂದವರು. ರೋಶನ್ ಸರ್. ಒಂಟಿ ಮನುಷ್ಯ, ಜೊತೆಗೊಂದು ಗಿಟಾರ್. ಆ ವರ್ಷ ಕರೆಂಟು ದಿನಾ ಮಧ್ಯಾಹ್ನ ಎರಡು ಮೂರು ತಾಸು ಹೋಗುತ್ತಿತ್ತು. ಓಣಿಯ ಮಗ್ಗಗಳೆಲ್ಲ ಒಮ್ಮೆಲೇ ನಿಂತಾಗ ನಾನು ಮಾಳಿಗೆ ಹತ್ತುತ್ತಿದ್ದೆ. ಅವರು ರಜೆ ಇದ್ದ ದಿನ ಕಲಿಸುವರು, ಇಲ್ಲದ ದಿನ ಕೀಲಿ ಕೊಟ್ಟು ಹೋಗುವರು.

ನನ್ನ ಬಲಗೈ ಸುಮಾರು. ಎಡಗೈ ನೋಡಿ ಸರ್‌ಗೆ ಆಶ್ಚರ್ಯ. ಹಾರ್ಮೋನಿಕ್ಸ್ ಅಂತ ಒಂದಿದೆ ಗಿಟಾರಿನಲ್ಲಿ. ಮಾಮೂಲಿಯಾಗಿ ತಂತಿಯನ್ನು ಬೆರಳಿಂದ ಒತ್ತಿ ಹಿಡಿದು ಮೀಟುತ್ತಾರೆ. ಇಲ್ಲಿ ಒತ್ತುವಂತಿಲ್ಲ. ಮೀಟುವ ಗಳಿಗೆಗೆ ಬೆರಳ ತುದಿ ತಂತಿಗೆ ತಾಗಬೇಕು, ತಕ್ಷಣ ಬಿಡಬೇಕು. ಆಗ ತಂತಿಯೊಳಗಿನ ಇನ್ನೊಂದು ದನಿ ಹೊರಗೆ ಬರುತ್ತದೆ, ಗಂಟೆಯ ಹಾಗೆ, ತೆಳ್ಳಗೆ. "ಒತ್ತುವುದಲ್ಲ ಮಾರಾಯ, ಮುಟ್ಟುವುದು ಮಾತ್ರ" ಅಂದರು ಸರ್. ನೇಕಾರನಿಗೆ ಇದನ್ನು ಹೇಳಿಕೊಡಬೇಕೆ? ಮಗ್ಗದ ಮೇಲೆ ಬಿಗಿದ ಎಳೆಗಳಲ್ಲಿ ಯಾವುದು ಸಡಿಲ ಅಂತ ನಾವು ದಿನಾ ನೋಡುವುದೇ ಹಾಗೆ. ಒತ್ತಿದರೆ ಹರಿಯುತ್ತದೆ, ಮುಟ್ಟಿದರೆ ತಿಳಿಯುತ್ತದೆ. ಗಿಟಾರಿನ ಕತ್ತಿನುದ್ದಕ್ಕೂ ಅಡ್ಡ ಕೂರಿಸಿದ ಲೋಹದ ಪಟ್ಟಿಗಳೇ ಫ್ರೆಟ್ಟು; ಮೊದಲ ದಿನವೇ ಹನ್ನೆರಡನೇ ಫ್ರೆಟ್ಟಿನ ಮೇಲೆ ನನಗೆ ಹಾರ್ಮೋನಿಕ್ಸ್ ಬಂತು. ತಮಗೆ ಹದಿನೈದು ದಿನ ಹಿಡಿದಿತ್ತು ಅಂದರು ಸರ್.

ಎಲ್ಲಿ ಬೇಕಾದಲ್ಲಿ ಮುಟ್ಟಿದರೆ ಬರುವುದಿಲ್ಲ ಅದು. ತಂತಿಯನ್ನು ಒಂದು ಸೀರೆ ಅಂದುಕೊಳ್ಳಿ. ಸರಿಯಾಗಿ ಅರ್ಧಕ್ಕೆ ಮಡಚಿದರೆ ಮಡಿಕೆ ಬೀಳುವ ಜಾಗವೇ ಹನ್ನೆರಡನೇ ಫ್ರೆಟ್. ಮೂರು ಪಾಲು ಮಾಡಿದರೆ ಏಳನೆಯದು. ನಾಲ್ಕು ಪಾಲಿಗೆ ಐದನೆಯದು. ಐದು ಪಾಲಿಗೆ ನಾಲ್ಕನೇ ಫ್ರೆಟ್ಟಿನಿಂದ ಕೂದಲೆಳೆ ಈಚೆ, ಆರು ಪಾಲಿಗೆ ಮೂರನೇ ಫ್ರೆಟ್ಟಿನಿಂದ ಕೂದಲೆಳೆ ಆಚೆ. ತಂತಿ ನಡುಗುವಾಗ ಆ ಮಡಿಕೆಯ ಜಾಗಗಳು ಮಾತ್ರ ಅಲ್ಲಾಡದೆ ನಿಂತಿರುತ್ತವೆ. ಅಲ್ಲಿ ಬೆರಳಿಟ್ಟರೆ ದೊಡ್ಡ ನಡುಕ ಸಾಯುತ್ತದೆ, ಆ ಮಡಿಕೆಗೆ ಹೊಂದುವ ಸಣ್ಣ ನಡುಕ ಉಳಿಯುತ್ತದೆ. ಪಾಲು ಹೆಚ್ಚಿದಷ್ಟೂ ದನಿ ಮೇಲೆ, ಮತ್ತು ಮೆಲ್ಲಗೆ. ಸರ್ ಇಷ್ಟು ಹೇಳಿ, ಆರು ತಂತಿಯ ಮೇಲೂ ಈ ಐದು ಜಾಗ ಸಾಧಿಸಿಡು, ಕ್ರಿಸ್ಮಸ್ ಮುಗಿಸಿ ಬಂದು ಕೇಳುತ್ತೇನೆ ಅಂತ ಗಿಟಾರನ್ನು ನನ್ನ ಕೈಗೇ ಕೊಟ್ಟು ಊರಿಗೆ ಹೋದರು.

ದಪ್ಪ ತಂತಿಗಳಲ್ಲಿ ಐದೂ ಬಂದವು. ಕೊನೆಯ ಸಣ್ಣ ತಂತಿಯಲ್ಲಿ ಮಾತ್ರ ಹನ್ನೆರಡು ಬಂತು, ಏಳು ಬಂತು, ಐದು ಬಂತೋ ಇಲ್ಲವೋ ಅನ್ನುವ ಹಾಗೆ ಬಂತು. ನಾಲ್ಕು ಮತ್ತು ಮೂರು ಸತ್ತರೂ ಬರಲಿಲ್ಲ. ಬೆರಳು ಅದೇ, ಮುಟ್ಟುವುದೂ ಹಾಗೇ, ದಪ್ಪ ತಂತಿಗೆ ಬಂದದ್ದು ಇದಕ್ಕೇಕೆ ಬರುವುದಿಲ್ಲ? ಉಗುರು ಕತ್ತರಿಸಿದೆ. ತಂತಿ ಒರೆಸಿದೆ. ಕೂದಲೆಳೆ ಆಚೆ, ಕೂದಲೆಳೆ ಈಚೆ, ಬೆರಳ ತುದಿಯಲ್ಲಿ ಗೆರೆ ಬೀಳುವವರೆಗೆ ಹುಡುಕಿದೆ. ನನ್ನ ಒದ್ದಾಟ ನೋಡಿದ ಅಪ್ಪ, ಎಳೆ ಸಡಿಲಾಗಿದೆ, ಬಿಗಿ ಮಾಡಬೇಕು ಅಂತ ಗಿಟಾರಿನ ಬಿರಡೆ ತಿರುವಿದ. ಮಗ್ಗಕ್ಕೆ ಬಿಗಿದ ಹಾಗೆ ಬಿಗಿದ. ತಂತಿ ಪಟ್ಟಂತ ಹರಿದು ಅವನ ಕೈಗೇ ಬಡಿಯಿತು. ಹರಿದ ತಂತಿಯ ಎರಡು ತುದಿ ಹಿಡಿದು, ನೂಲಿಗೆ ಹಾಕುವ ಗಂಟು ಹಾಕಲು ನೋಡುತ್ತಿದ್ದ ಪುಣ್ಯಾತ್ಮ.

ನಾನು ಬಸ್ಸು ಹತ್ತಿ ಜಮಖಂಡಿಗೆ ಹೋಗಿ ಹೊಸ ತಂತಿ ತಂದೆ. ಹೊಸದರಲ್ಲೂ ಅದೇ ಕಥೆ.

ಸಂಕ್ರಾಂತಿಗೆ ಮೂರು ದಿನವಿತ್ತು. ಮಧ್ಯಾಹ್ನ ಕರೆಂಟು ಹೋಯಿತು. ಅವ್ವ ಹಬ್ಬಕ್ಕೆ ಹಂಚುವ ಕುಸರೆಳ್ಳು ತರಲು ಪೇಟೆಗೆ ಹೋಗಿದ್ದಳು, ಅಪ್ಪ ಶೆಡ್ಡಿನಲ್ಲಿ ಮಲಗಿದ್ದ. ನಾನು ಪಡಸಾಲೆಯಲ್ಲಿ ಕೂತು ಮೂರನೇ ಫ್ರೆಟ್ಟಿನ ಹತ್ತಿರ ಮುಟ್ಟುವುದು, ಮೀಟುವುದು, ಬೈಯುವುದು. ಬರೀ ಟಕ್ ಅಂತ ಉಗುರಿನ ಸದ್ದು. ತಂತಿ ಮಾಡಿದವನ ತಾಯಿಯವರೆಗೂ ಬೈಗುಳ ಹೋಗಿತ್ತು. ವೈನಿ ಅಡುಗೆಮನೆ ಹೊಸ್ತಿಲಲ್ಲಿ ಕೂತು ಜೋಳ ಹಸನು ಮಾಡುತ್ತಿದ್ದಳು. ಹಿರಿಯರು ಇಲ್ಲದ್ದರಿಂದ ಸೆರಗು ಹೆಗಲ ಮೇಲಿತ್ತು. ತಲೆ ಎತ್ತಿ ಏನೋ ಅಂದಳು. ನಾನು ಮುಖ ನೋಡಿದೆ. ಮತ್ತೊಮ್ಮೆ ಅಂದಳು.

"ಈರಣ್ಣಾರ, ಯಾಕ ಬೈತೀರಿ ಅದಕ್ಕ? ಬರಾಕತ್ತೈತಲ್ರಿ."

ಏನು ಬರುತ್ತಿದೆ ಅಂದೆ.

"ಅದ ರೀ, ಸಣ್ಣ ದನಿ. ಬಳಿ ತಾಟಿಗೆ ತಾಗಿದಂಗ. ನೀವು ಹೊಡದಾಗೆಲ್ಲಾ ಬಂದೈತಿ. ಮುಂಜಾನಿನೂ ಬರ್ತಿತ್ತು."

ನನ್ನನ್ನು ಚೇಷ್ಟೆ ಮಾಡುತ್ತಿದ್ದಾಳೆ ಅಂದುಕೊಂಡೆ. ಗೋಡೆ ಕಡೆ ಮುಖ ಮಾಡು, ಬಂದಾಗ ಬೆರಳೆತ್ತು ಅಂದೆ. ತಿರುಗಿ ಕೂತಳು. ಮೂರರ ಹತ್ತಿರ ಮುಟ್ಟಿ ಮೀಟಿದೆ, ಬೆರಳೆತ್ತಿದಳು. ಬೇಕಂತಲೇ ಜಾಗ ತಪ್ಪಿಸಿ ಮೀಟಿದೆ, ಸುಮ್ಮನೆ ಕೂತಳು. ನಾಲ್ಕರ ಹತ್ತಿರ ಮೀಟಿದೆ, ಎತ್ತಿ, ಇದು ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿನದು ಅಂದಳು. ಗಿಟಾರ್ ಮುಟ್ಟದೆ ಸುಮ್ಮನೆ ಕೂತೆ, ಅವಳೂ ಕೂತಳು. ಎಂಟು ಸಲ, ಹತ್ತು ಸಲ. ಒಂದೂ ತಪ್ಪಲಿಲ್ಲ. ನನಗೆ ಮಾತ್ರ ಟಕ್, ಟಕ್, ಟಕ್.

ಬೆರಳು ಮೊದಲ ದಿನದಿಂದ ಸರಿಯಾಗೇ ಮುಟ್ಟಿತ್ತು. ತಂತಿಯೂ ಸರಿಯಿತ್ತು. ಹರಿದುಹೋದ ಹಳೇ ತಂತಿಯೂ ಸರಿಯಿತ್ತು.

ಸರ್ ಅದೇ ದಿನ ಬೆಳಿಗ್ಗೆ ಊರಿಂದ ಬಂದಿದ್ದರು. ಗಿಟಾರ್ ಹಿಡಿದುಕೊಂಡು ಮಾಳಿಗೆಗೆ ಓಡಿದೆ. ಅವರು ನನ್ನನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿ ತಾವೇ ಬಾರಿಸಿದರು. ನಾನು ಬೆರಳು ಎತ್ತಿದ್ದು ಎರಡೇ ಸಲ. ಎಷ್ಟು ಸಲ ಬಾರಿಸಿದಿರಿ ಅಂದೆ. ಒಂಬತ್ತು ಅಂದರು. ನಗಲಿಲ್ಲ ಅವರು. ಮಗ್ಗ ನಿಂತ ಮೇಲೆ ಕಿವಿಯಲ್ಲಿ ಏನಾದರೂ ಸದ್ದು ಉಳಿಯುತ್ತದೆಯಾ ಅಂತ ಕೇಳಿದರು. ಹೌದು, ಗುಂಯ್ ಅನ್ನುತ್ತಿರುತ್ತದೆ, ಎಲ್ಲರಿಗೂ ಇರುತ್ತಲ್ಲ ಅಂದೆ.

"ಎಲ್ಲರಿಗೂ ಇರುವುದಿಲ್ಲ ಮಾರಾಯ" ಅಂದರು. "ನಿನ್ನ ಕಿವಿಗೆ ಎತ್ತರದ ದನಿಗಳು ಕೇಳುವುದು ಹೋಗಿದೆ. ಹೋದದ್ದು ಇನ್ನು ಬರುವುದಿಲ್ಲ."

ಇಪ್ಪತ್ತನಾಲ್ಕು ವರ್ಷಕ್ಕೆ ಕಿವುಡ. ಯಾರೂ ಹೊಡೆದಿಲ್ಲ, ಜ್ವರ ಬಂದಿಲ್ಲ. ಸುಮ್ಮನೆ ಕೆಲಸ ಮಾಡಿದ್ದಕ್ಕೆ. ಸರ್ ಇನ್ನೂ ಏನೇನೋ ಹೇಳಿದರು. ಮೊದಲು ಹೋಗುವುದು ಸಣ್ಣ ದನಿಗಳು, ಹಕ್ಕಿಯದು, ಹೆಂಗಸರ ಮೆಲುಮಾತು, ದೊಡ್ಡ ದನಿಯೆಲ್ಲ ಕೇಳುತ್ತಲೇ ಇರುತ್ತದೆ, ಹಾಗಾಗಿ ಕಿವಿ ಹೋಗಿದ್ದು ಹೋದವನಿಗೇ ಗೊತ್ತಾಗುವುದಿಲ್ಲ ಅಂತ. ಹೆಂಗಸರ ಮೆಲುಮಾತು ಅಂದದ್ದು ನನ್ನ ತಲೆಯಲ್ಲಿ ಸಿಕ್ಕಿಕೊಂಡಿತು.

ಸಂಜೆ ಅವ್ವ ಶೆಡ್ಡಿನ ಬಾಗಿಲಲ್ಲಿ ನಿಂತು ಕಸ್ತೂರೀ ಅಂತ ಕೂಗಿದಳು. ನಾನು ಅಡುಗೆಮನೆಯಲ್ಲಿ ನೆಲದ ಮೇಲೆ ಕೂತು ಚಹಾ ಕುಡಿಯುತ್ತಿದ್ದೆ. ಕೂತಲ್ಲಿಂದ ಸೆರಗಿನೊಳಗಿನ ವೈನಿಯ ಬಾಯಿ ಕಾಣುತ್ತಿತ್ತು. ತುಟಿ ಆಡಿತು. ಬಂದೆ ರೀ ಅತ್ತಿ. ಅವ್ವ ಮತ್ತೆ ಕೂಗಿದಳು. ತುಟಿ ಮತ್ತೆ ಆಡಿತು. ಬಂದೆ ರೀ. ಮೂರನೇ ಸಲ ಅವ್ವ, ಓ ಅನ್ನಲಿಕ್ಕೆ ಏನು ಬಾಯಿಗೆ ಬ್ಯಾನಿಯೇ ಅಂತ ಒದರಿದಳು. ವೈನಿ ತಲೆ ತಗ್ಗಿಸಿಕೊಂಡೇ ಹೋಗಿ ಅವಳ ಮುಂದೆ ನಿಂತಳು.

ಎಂಟು ತಿಂಗಳು ಆ ಹುಡುಗಿ ಪ್ರತಿ ಸಲ ಓ ಅಂದಿದ್ದಳು. ಓಣಿಯ ಉಳಿದ ಹೆಂಗಸರ ಮಾತು ನಮಗೆ ತಿಳಿಯುತ್ತಿದ್ದುದು ಅವರು ಮುಖ ಎತ್ತಿ ಮಾತಾಡುತ್ತಿದ್ದರಿಂದ. ಇವಳು ಮರ್ಯಾದೆ ಅಂತ ತಲೆ ತಗ್ಗಿಸಿದಳು, ಸೆರಗು ಎಳೆದುಕೊಂಡಳು, ನಮಗೆ ಓದಲು ತುಟಿಯೇ ಸಿಗಲಿಲ್ಲ. ಮರ್ಯಾದೆ ಕೊಟ್ಟಿದ್ದಕ್ಕೆ ಮೂಗಿಯಾದಳು.

ಆ ರಾತ್ರಿಯೇ ಅವ್ವನಿಗೆ ಹೇಳಿದೆ. ಕಿವುಡ ನೀನಿರಬಹುದು, ಒಲೆ ಮೇಲೆ ಹಾಲು ಉಕ್ಕುವುದು ನನಗೆ ಪಡಸಾಲೆಗೆ ಕೇಳುತ್ತದೆ ಅಂದಳು. ಅಪ್ಪನಂತೂ ಮೈಮೇಲೇ ಬಂದ. ನಾಲ್ಕು ಮಗ್ಗ ನಡೆಯುವಾಗ ಯಾವ ಮಗ್ಗದಲ್ಲಿ ಎಳೆ ಹರಿಯಿತು ಅಂತ ಬೆನ್ನು ತಿರುಗಿಸಿ ನಿಂತು ಹೇಳುತ್ತೇನೆ, ನನಗೆ ಕಿವಿ ಪಾಠ ಹೇಳುತ್ತೀಯಾ ಅಂದ. ಅದು ಖರೆ. ಹೇಳುತ್ತಿದ್ದ. ಬರೀ ಅದೊಂದೇ ಅವನಿಗೆ ಕೇಳುತ್ತಿತ್ತು ಅನ್ನುವುದೂ ಖರೆ.

ಸಂಕ್ರಾಂತಿಯ ಮರುದಿನ ಮಧ್ಯಾಹ್ನ ವೈನಿಯ ಅಣ್ಣ ಸಂಗಪ್ಪ ಬಂದ. ಹೊಳೆಯ ಬದಿಯ ಒಕ್ಕಲುತನದವನು, ಗಟ್ಟಿಮುಟ್ಟಾದ ಆಳು. ತಂಗಿಯ ಚೀಲ ಬಾಗಿಲ ಹತ್ತಿರ ಕಟ್ಟಿ ಇಟ್ಟದ್ದನ್ನು ನೋಡಿ ಕೈಗೆ ಕೊಟ್ಟ ನೀರು ಕುಡಿಯದೆ ಹಾಗೇ ಇಟ್ಟ. ಆಗಷ್ಟೇ ಕರೆಂಟು ಹೋಗಿತ್ತು, ಓಣಿಯೆಲ್ಲ ಸುಮ್ಮನಾಗಿತ್ತು. ಅವ್ವ ಶುರು ಮಾಡಿದಳು, ಕರೆದರೆ ಓ ಅನ್ನುವುದಿಲ್ಲ, ಕೇಳಿದರೆ ಹೇಳುವುದಿಲ್ಲ. ನಾನು ಎದುರು ಮನೆಗೆ ಹೋಗಿ ಗಿಟಾರ್ ತಂದೆ. ಬೀಗರು ಬಂದಾಗ ಇದೇನು ಹುಚ್ಚಾಟ ಅಂತ ಅಪ್ಪ ಬೈದ. ಒಂದೇ ಸಲ ಅಪ್ಪಾ, ನಿನಗೆ ಎಲ್ಲ ಕೇಳಿಸಿದರೆ ಗಿಟಾರ್ ಒಲೆಗೆ ಹಾಕು ಅಂದೆ. ಪರರ ಗಿಟಾರನ್ನು ಒಲೆಗೆ ಹಾಕಿಸಲು ನಾನ್ಯಾರು, ಆದರೆ ಬಾಯಿಗೆ ಬಂದಿದ್ದು ಅದೇ.

ಅಪ್ಪನಿಗೆ ಹಟ ಬಂತು. ಗೋಡೆಗೆ ಮುಖ ಮಾಡಿ ಕೂತ. ನಾನು ಮೀಟಿದೆ, ಬೆರಳೆತ್ತಿದ. ಮೀಟಿದೆ, ಎತ್ತಿದ. ಮೂರರ ಹತ್ತಿರ ಮೀಟಿದೆ, ಅದಕ್ಕೂ ಎತ್ತಿದ. ಹಾಗಾದರೆ ನಾನೊಬ್ಬನೇ? ಅಷ್ಟರಲ್ಲಿ ಸಂಗಪ್ಪ ಮೆಲ್ಲಗೆ ಕೆಮ್ಮಿ ಗೋಡೆ ತೋರಿಸಿದ. ಬಾಗಿಲ ಬೆಳಕಿಗೆ ನನ್ನ ಮೊಣಕೈಯ ನೆರಳು ಅಪ್ಪನ ಮೂಗಿನ ಮುಂದೇ ಆಡುತ್ತಿತ್ತು. ನೆರಳು ಆಡಿದಾಗ ಬೆರಳು ಎತ್ತುತ್ತಿದ್ದಾನೆ ಮುದುಕ.

ಬಾಗಿಲು ಅರ್ಧ ಮುಂದೆ ಮಾಡಿದೆ. ಅಪ್ಪ ಗೋಡೆ ಬಿಟ್ಟು ಅಡುಗೆಮನೆ ಕಡೆ ಮುಖ ಮಾಡಿ ಕೂತ. ಅವನ ಎದುರಿಗೆ ಹೊಸ್ತಿಲಲ್ಲಿ ವೈನಿಯನ್ನೂ ಬೆರಳೆತ್ತಲು ಹೇಳಿ ಕೂರಿಸಿದೆ, ನಮ್ಮೆಲ್ಲರಿಗೂ ಬೆನ್ನು ಹಾಕಿ. ನಾನು ಅಪ್ಪನ ಹಿಂದೆ. ಹನ್ನೆರಡರಲ್ಲಿ ಮೀಟಿದೆ. ಇಬ್ಬರ ಬೆರಳೂ ಎದ್ದವು. ಏಳರಲ್ಲಿ ಮೀಟಿದೆ. ವೈನಿಯ ಬೆರಳು ಎದ್ದಿತು. ಐದು. ವೈನಿಯದು. ನಾಲ್ಕು. ವೈನಿಯದು. ಸ್ವಲ್ಪ ಹೊತ್ತು ಮೀಟದೆ ಕೂತೆ, ಆ ಬೆರಳು ಮಡಿಲಲ್ಲೇ ಇತ್ತು. ಮೂರರಿಂದ ಕೂದಲೆಳೆ ಆಚೆ ಮುಟ್ಟಿ ಮೀಟಿದೆ, ಎದ್ದಿತು. ಅಪ್ಪ ಎದುರಿಗೆ ಎದ್ದೇಳುವ ಆ ಬೆರಳನ್ನೇ ನೋಡುತ್ತಿದ್ದ. ಅವನ ಕೈ ತೊಡೆಯ ಮೇಲೆ ಬಿದ್ದಿತ್ತು.

"ಸಂಗಪ್ಪಾ" ಅಂದ, "ಆಕಿ ಬೆರಳ ಎತ್ತಿದಾಗೆಲ್ಲಾ ಸಪ್ಪಳ ಇತ್ತೇನ?"

"ಇತ್ತ್ರಿ ಮಾಂವಾರ. ನನಗೂ ಕೇಳ್ತು."

ಅಪ್ಪ ತನ್ನ ಕಿವಿ ಮುಟ್ಟಿ ನೋಡಿಕೊಂಡ. ಮೂವತ್ತು ವರ್ಷ ಎಳೆ ಹರಿದದ್ದನ್ನು ಕಿವಿಯಿಂದ ಹಿಡಿದ ಮನುಷ್ಯ. ಅವ್ವ ಮಾತ್ರ ನಿಂತಲ್ಲೇ ನಿಂತಿದ್ದಳು. ಅವಳ ಮುಖ ನೋಡಿದರೆ ಕಿವಿಯ ವಿಚಾರ ಅವಳ ತಲೆಯಲ್ಲಿ ಇರಲೇ ಇಲ್ಲ, ಅದನ್ನು ದಾಟಿ ಮುಂದೆ ಹೋಗಿತ್ತು.

"ಹಂಗಾದ್ರ" ಅಂದಳು, "ನಾವು ಪಿಸಪಿಸ ಅಂತ ಮಾತಾಡಿದ್ದು?"

ಸಂಗಪ್ಪನೇ ತಡೆಯಲಾರದೆ ಹೇಳಿದ, ನಿಮ್ಮ ಮನೆಯ ಪಿಸುಮಾತು ತನಗೆ ಮೂರು ಮನೆ ಆಚೆಯಿಂದ ಕೇಳಿಸಿತು, ಬರುವಾಗ ದಾರಿ ಕೇಳುವ ಕೆಲಸವೇ ಬೀಳಲಿಲ್ಲ ಅಂತ.

ಕಿವಿ ಹೋದವರ ಪಿಸುಮಾತು ಒದರಾಟವೇ ಆಗಿರುತ್ತದೆ ಅಂತ ಎಲ್ಲಿ ಗೊತ್ತಿತ್ತು? ಎಂಟು ತಿಂಗಳು ಅಪ್ಪ, ಅವ್ವ, ನಾನು ಆ ಹುಡುಗಿ ಬಗ್ಗೆ ಗುಟ್ಟಾಗಿ ಆಡಿಕೊಂಡಿದ್ದೆಲ್ಲ ಅವಳು ಅಡುಗೆಮನೆಯಲ್ಲಿ ಕೂತು ಕೇಳಿದ್ದಾಳೆ. ಕೇಳಿ, ಎದ್ದು ಬಂದು, ನಮಗೇ ರೊಟ್ಟಿ ಬಡಿಸಿದ್ದಾಳೆ.

ವೈನಿ ಹೊಸ್ತಿಲಿಂದ ಎದ್ದು ತನ್ನ ಅಣ್ಣನ ಕಡೆ ತಿರುಗಿದಳು. ಅವ್ವನಿಗೆ ಸೆರಗಿನ ಬದಿ ಮಾತ್ರ ಕಾಣುತ್ತಿತ್ತು. ನನಗೆ ಅರ್ಧ ಬಾಯಿ ಕಾಣುತ್ತಿತ್ತು, ಅರ್ಧ ಮಾತು ಕೇಳುತ್ತಿತ್ತು. ಎರಡನ್ನೂ ಹೊಲಿದುಕೊಂಡೆ.

"ಅತ್ತಿಗಿ ಹೇಳೀನಿ ನಾನು. ತಿಂಗಳ ಮ್ಯಾಲ ತಿಂಗಳಾತ್ರಿ, ನಿಂತೈತಿ ಅಂದೆ. ನಿಂತ್ರ ನಿಲ್ಲವಲ್ದ್ಯಾಕ, ಕರೆಂಟ್ ಬಂದ್ಮ್ಯಾಲ ನಡೀತೈತಿ ಅಂದ್ರು."

ಅವ್ವ ನನ್ನ ಕಡೆ ತಿರುಗಿ, ಏನಂದಳು ಅಂತ ಕೇಳಿದಳು. ನಾನು ಸಂಗಪ್ಪನ ಮುಖ ನೋಡಿದೆ, ಅವನು ನೆಲ ನೋಡುತ್ತಿದ್ದ. ಅಪ್ಪನಿಗೆ ಕೇಳಿಸಿಲ್ಲ. ಇನ್ಯಾರು? ಮೈದುನ ಆಡುವ ಮಾತಲ್ಲ ಅದು. ಆದರೂ ಆಡಿದೆ, ಅವಳಿಗೆ ಕೇಳಿಸುವಷ್ಟು ಗಟ್ಟಿಯಾಗಿ. ವೈನಿ ಬಸುರಿಯಂತೆ, ನಿಂತಿದೆ ಅಂತ ನಿನಗೆ ಹೇಳಿದ್ದಳಂತೆ, ನೀನು ಮಗ್ಗ ನಿಂತಿದೆ ಅಂತ ತಿಳಿದು ಕರೆಂಟು ಬಂದ ಮೇಲೆ ನಡೆಯುತ್ತದೆ ಅಂದೆಯಂತೆ. ಮಗ್ಗಗಳೆಲ್ಲ ನಿಂತಿದ್ದ ಹೊತ್ತು. ಓಣಿಗೆ ಓಣಿಯೇ ಕೇಳಿಸಿಕೊಂಡಿತು. ಆಚೆ ಮನೆಯ ಕಿಟಕಿಯಲ್ಲಿ ಎರಡು ತಲೆ ಕಾಣಿಸಿದವು.

ನಮ್ಮ ಮನೆಯಲ್ಲಿ ನಿಂತಿತು ಅಂದರೆ ಮಗ್ಗ, ಬೇರೆ ಅರ್ಥವೇ ಇಲ್ಲ. ನಮ್ಮಣ್ಣನಿಗೆ ವಿಷಯ ಗೊತ್ತಿತ್ತಂತೆ, ಅವ್ವನಿಗೂ ಗೊತ್ತು ಅಂದುಕೊಂಡು ನಾಚಿಕೆಗೆ ಸುಮ್ಮನಿದ್ದನಂತೆ. ಅದು ನನಗೆ ಆಮೇಲೆ ತಿಳಿಯಿತು.

ವೈನಿ ಇನ್ನೂ ಒಂದು ಮಾತು ಅಂದಳು. ಈ ಸಲವೂ ತನ್ನ ಅಣ್ಣನಿಗೇ.

"ಮೊನ್ನಿ ಅತ್ತಿ ಮಾವಗ ಹೇಳಾಕತ್ತಿದ್ರು. ಆಕಿ ಹೊಟ್ಟ್ಯಾಗ ಹುಟ್ಟೂದೂ ಮೂಗಾನ ಆಕ್ಕೈತಿ, ಅದಕ್ಕಿಂತ ಮೊದ್ಲ ಕಳಸೂದ ಛಲೋ ಅಂತ. ಗೊತ್ತಿದ್ದ ಅಂದಾರ ಅಂತ ತಿಳ್ಕೊಂಡಿದ್ದೆ ನಾ."

ಸಂಗಪ್ಪ ಚೀಲ ಎತ್ತಿಕೊಂಡು ಹೊರಗೆ ಹೋಗಿ ರಸ್ತೆಯಲ್ಲಿ ನಿಂತ. ಅವ್ವ ಮತ್ತೆ ನನ್ನನ್ನು ಕೇಳಿದಳು, ಈಗೇನಂದಳು. ಇದನ್ನು ಕೂಗಿ ಹೇಳಲು ನನ್ನಿಂದಾಗಲಿಲ್ಲ. ಅವಳದೇ ಮಾತು ಅದು, ನಾನು ಆ ದಿನ ಅಲ್ಲೇ ಕೂತು ಕೇಳಿ ಸುಮ್ಮನಿದ್ದೆ. ದನಿ ಹೊರಡದೆ ಬರೀ ತುಟಿ ಆಡಿತು. ಅವ್ವನಿಗೆ ಅಷ್ಟು ಸಾಕಿತ್ತು. ಮೂವತ್ತು ವರ್ಷ ಶೆಡ್ಡಿನಲ್ಲಿ ತುಟಿ ಓದಿದವಳು. ಒಂದಕ್ಷರ ಬಿಡದೆ ಓದಿದಳು.

ಆಮೇಲೆ ಅವ್ವ ನಡೆದು ಹೋಗಿ ವೈನಿಯ ಮುಂದೆ ನಿಂತಳು. ನನಗೆ ಅವ್ವನ ಬೆನ್ನು ಮಾತ್ರ ಕಾಣುತ್ತಿತ್ತು. ವೈನಿ ತಲೆ ತಗ್ಗಿಸಿದಳು, ಅವ್ವ ಗದ್ದ ಹಿಡಿದು ಎತ್ತಿದಳು, ಸೆರಗನ್ನು ತಾನೇ ಹಿಂದೆ ಸರಿಸಿದಳು. ಮುಖಕ್ಕೆ ಮುಖ ಹತ್ತಿರ ತಂದು ಏನೋ ಅಂದಳು. ನನಗೆ ಕೇಳಲಿಲ್ಲ. ಅಪ್ಪನಿಗೆ ಕೇಳಲಿಲ್ಲ. ಹುಟ್ಟಿದಾಗಿನಿಂದ ಅವ್ವ ಅಷ್ಟು ಮೆಲ್ಲಗೆ ಮಾತಾಡಿದ್ದು ನಾನು ನೋಡಿರಲಿಲ್ಲ.

ವೈನಿ ಬಹಳ ಹೊತ್ತು ಅವಳನ್ನೇ ನೋಡಿದಳು. ಆಮೇಲೆ ಬಾಗಿಲ ಕಡೆ ತಿರುಗಿ, ಮಾಮೂಲಿನ ದನಿಯಲ್ಲೇ, ಅಣ್ಣಾ ಚೀಲ ಒಳಗ ತಾ ಅಂದಳು. ಸಂಗಪ್ಪ ರಸ್ತೆಯಿಂದ ಒಳಗೆ ಬಂದ.

ಅವ್ವ ತೀರಿಕೊಂಡು ಆರು ವರ್ಷವಾಯಿತು. ಅವತ್ತು ಏನಂದಳು ಅಂತ ವೈನಿಯನ್ನು ಎಷ್ಟೋ ಸಲ ಕೇಳಿದ್ದೇನೆ. ನಿಮಗ ಕೇಳ್ಸಿಲ್ಲಲ್ರಿ, ಬಿಡ್ರಿ ಅನ್ನುತ್ತಾಳೆ. ಒಂದು ಸಲ ಧೈರ್ಯ ಮಾಡಿ ಅವ್ವನನ್ನೇ ಕೇಳಿದ್ದೆ. ನೆನಪಿಲ್ಲ ಅಂದಳು. ಸುಳ್ಳಿರಲಿಕ್ಕಿಲ್ಲ. ಅಷ್ಟು ಮೆಲ್ಲಗೆ ಆಡಿದ್ದು ಅವಳಿಗೇ ಕೇಳಿಸಿರಲಿಕ್ಕಿಲ್ಲ.